ಅಪ್ಪಾಜಿ ಮೊರ ಹಿಡಿದಿದ್ದು, ಜೊತೆಗೆ ನಮ್ಮ ನಾಲ್ಕು ವಿಡಿಯೋ ಗೇಮ್ ಐಡಿಯಾ

ನಾವು ನಾಲ್ವರು. ಒಬ್ಬಳದು ದುರ್ಗ, ಒಬ್ಬಳದು ಹಿರಿಯೂರು ಕಡೆ, ಒಬ್ಬನದು ಹೊಳಲ್ಕೆರೆ, ಇನ್ನೊಬ್ಬನದು ಹೊಸದುರ್ಗ ತಾಲ್ಲೂಕಿನ ಒಂದು ಹಳ್ಳಿ. ಪತ್ರಿಕೋದ್ಯಮ ಓದುವಾಗ ಒಂದೇ ಬೆಂಚಿನಲ್ಲಿ ಕೂತವರು, ಈಗ ಒಂದೇ ವಾಟ್ಸಾಪ್ ಗ್ರೂಪಿನಲ್ಲಿದ್ದೇವೆ. ಯಾವ ಸಾಲು ಯಾರು ಬರೆದದ್ದು ಅಂತ ಕೊನೆಗೆ ನಮಗೇ ಗೊತ್ತಾಗುವುದಿಲ್ಲ, ಹಾಗಾಗಿ ಇಲ್ಲಿ ಎಲ್ಲವೂ 'ನಾವು'.

ಈ ಸಲ ಬರೆಯುತ್ತಿರುವುದು ವಿಡಿಯೋ ಗೇಮಿನ ಬಗ್ಗೆ. 'ಹುಡುಗರು ಹಾಳಾಗೋ ವಿಷಯ, ನಮಗ್ಯಾಕೆ' ಅಂತ ಮೇಲಕ್ಕೆ ತಳ್ಳಿ ಹೋಗಬೇಡಿ. ಆಡಿದವರು ಹುಡುಗರಲ್ಲ. ಅರವತ್ತು ದಾಟಿದ, ಎಡಗೈ ಸ್ವಾಧೀನ ತಪ್ಪಿದ್ದ ರೈತರೊಬ್ಬರು. ಹೊಸದುರ್ಗದವನ ತಂದೆ. ನಾವೆಲ್ಲ ಅವರನ್ನು ಅಪ್ಪಾಜಿ ಅಂತಲೇ ಕರೆಯುವುದು.

ಅಪ್ಪಾಜಿಗೆ ಲಕ್ವ ಹೊಡೆದದ್ದು ರಾಗಿ ಕೊಯ್ಲಿನ ಹೊತ್ತಿಗೆ. ಬೆಳಿಗ್ಗೆ ಟೀ ಲೋಟ ಹಿಡಿಯಲು ಹೋದರೆ ಎಡಗೈಗೆ ಹಿಡಿತ ಸಿಗಲಿಲ್ಲ, ಬಾಯಿ ಒಂದು ಕಡೆ ವಾಲಿತ್ತು. 'ಗಾಳಿ ತಗುಲೈತೆ' ಅಂತ ಮೊದಲು ನಾಟಿ ಔಷಧಿ ಕೊಡುವವರ ಹತ್ತಿರ ಕರೆದುಕೊಂಡು ಹೋದರು. ಆಸ್ಪತ್ರೆ ಸೇರಿದ್ದು ಮಾರನೇ ದಿನ. ರಕ್ತ ಹೆಪ್ಪುಗಟ್ಟಿ ಆಗುವ ಲಕ್ವಕ್ಕೆ ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ, ಆದರೆ ಶುರುವಾದ 4.5 ಗಂಟೆಯೊಳಗೆ ಕೊಡಬೇಕು ಅಂತ ನಾವು ನಾಲ್ವರೂ ಓದುವಾಗ ಆರೋಗ್ಯ ಪುಟಕ್ಕೆ ಲೇಖನ ಬರೆದು ಮಾರ್ಕ್ಸ್ ತಗೊಂಡಿದ್ದೆವು. ಬರೆದದ್ದು ನಮ್ಮ ನಮ್ಮ ಮನೆಗೇ ಮುಟ್ಟಿರಲಿಲ್ಲ. ನೀವಾದರೂ ನೆನಪಿಟ್ಟುಕೊಳ್ಳಿ: ಬಾಯಿ ವಾಲಿದರೆ, ಕೈ ಬಿದ್ದರೆ, ಮಾತು ತೊದಲಿದರೆ, ಮೊದಲು 108.

ಕಾಲು ಬೇಗ ಸುಧಾರಿಸಿತು. ಕೈ ಮಾತ್ರ ಹಟ ಹಿಡಿಯಿತು. ಫಿಸಿಯೋಥೆರಪಿಯವರು ವ್ಯಾಯಾಮ ಹೇಳಿಕೊಟ್ಟರು. ಎರಡೂ ಕೈ ಹೆಣೆದುಕೊಂಡು ಮೇಲೆತ್ತಿ ಇಳಿಸುವುದು, ಟವೆಲ್ಲಿನ ಮೇಲೆ ಕೈಯಿಟ್ಟು ಮುಂದೆ ತಳ್ಳಿ ಎಳೆಯುವುದು, ಮೆತ್ತನೆ ಚೆಂಡು ಹಿಸುಕುವುದು. ದಿನಕ್ಕೆ ಎರಡು ಹೊತ್ತು. ವಾರಕ್ಕೆ ಮೂರು ದಿನ ಪೇಟೆಗೆ ಬಸ್ಸಿನಲ್ಲಿ ಹೋಗಿಬರುವುದು ಬೇರೆ. ಮೂರು ವಾರ ನಡೆಯಿತು, ಆಮೇಲೆ ನಿಂತಿತು. ಬಸ್ಸು ಒಂದು ಕಾರಣ. ನಿಜವಾದ ಕಾರಣ ಅವಮಾನ. "ಎರಡು ಜೊತೆ ಎತ್ತು ಹೂಡಿದ ಕೈ ಇದು. ಚೆಂಡು ಹಿಸುಕ್ಕೊಂಡು ಕೂರಾಕೆ ನಾನೇನು ಕೂಸಾ?" ಅಂದರು. ಚೆಂಡನ್ನು ಮೊಮ್ಮಗ ತಗೊಂಡ, ನಾಯಿ ಕಚ್ಚಿಕೊಂಡು ಹೋಯಿತು.

ಆ ಹೊತ್ತಿಗೆ ಹಿರಿಯೂರಿನವಳು ಬೆಂಗಳೂರಿನಲ್ಲಿ ಕೆಲಸಕ್ಕಿದ್ದಳು. ಅವಳ ಪಿಜಿಯಲ್ಲಿದ್ದ ಹುಡುಗಿಯೊಬ್ಬಳು ಊರು ಬಿಡುವಾಗ ಬಿಳಿ ಡಬ್ಬಿಯೊಂದನ್ನು ಮೂರು ಸಾವಿರಕ್ಕೆ ಮಾರಿದಳು. ನಿಂಟೆಂಡೊ ಅನ್ನುವ ಜಪಾನಿನ ಕಂಪನಿಯ ವೀ ಅನ್ನುವ ಮೆಷಿನ್ನು. 2006ರ ನವೆಂಬರಿನಲ್ಲಿ ಬಂದದ್ದು, ಜಗತ್ತಿನಲ್ಲಿ 10 ಕೋಟಿಗೂ ಹೆಚ್ಚು ಮಾರಾಟವಾಗಿ ಈಗ ತಯಾರಿಕೆ ನಿಂತುಹೋಗಿರುವುದು. ಟಿವಿಗೆ ಸಿಕ್ಕಿಸಿ ರಿಮೋಟು ಕೈಯಲ್ಲಿ ಹಿಡಿದು ಬೀಸಿದರೆ ಪರದೆಯ ಮೇಲಿನ ಬ್ಯಾಟು ಬೀಸುತ್ತದೆ, ಚೆಂಡು ಎಸೆದಂತೆ ಮಾಡಿದರೆ ಚೆಂಡು ಉರುಳುತ್ತದೆ. ಗುಂಡಿ ಒತ್ತುವುದು ಕಡಿಮೆ, ಓದುವುದು ಇನ್ನೂ ಕಡಿಮೆ. ಕಲಿಯಲು ಎರಡು ನಿಮಿಷ, ಆಡಲು ಐದು ನಿಮಿಷ, ಸಾಕೆನಿಸಿದರೆ ಎದ್ದು ಹೋಗಬಹುದಾದ ಆಟಗಳು.

ಹೇಗೆ ಗೊತ್ತಾಗುತ್ತದೆ ಅದಕ್ಕೆ? ದೊಡ್ಡ ಮಾಯವೇನಿಲ್ಲ. ನಿಮ್ಮ ಫೋನನ್ನೇ ಈಗ ಅಡ್ಡ ಹಿಡಿಯಿರಿ. ವಿಡಿಯೋ ಅಡ್ಡ ತಿರುಗುತ್ತದಲ್ಲ, ಆ ಕೆಲಸ ಮಾಡುವ ಚಿಪ್ಪಿನಂಥದ್ದೇ ರಿಮೋಟಿನೊಳಗೂ ಇದೆ. ಯಾವ ಕಡೆ ವಾಲಿತು, ಎಷ್ಟು ಜೋರಾಗಿ ಅಲುಗಿತು ಅಂತ ಅಳೆಯುತ್ತಲೇ ಇರುತ್ತದೆ. ಇನ್ನು ಟಿವಿ ಮೇಲೆ ಎಲ್ಲಿಗೆ ಗುರಿ ಹಿಡಿದಿದ್ದೀವಿ ಅಂತ ಗೊತ್ತಾಗಲು ಟಿವಿ ಹತ್ತಿರ ಸೆನ್ಸರ್ ಬಾರ್ ಅನ್ನುವ ಒಂದು ಸಣ್ಣ ಪಟ್ಟಿ ಇಡಬೇಕು. ಹೆಸರಿಗೆ ಸೆನ್ಸರ್. ಅದರಲ್ಲಿರುವುದು ಎರಡು ತುದಿಯಲ್ಲಿ ಕಣ್ಣಿಗೆ ಕಾಣದ ಬೆಳಕಿನ ದೀಪಗಳು ಅಷ್ಟೇ, ನೋಡುವ ಕಣ್ಣು ರಿಮೋಟಿನ ಮೂತಿಯಲ್ಲಿದೆ. ನಮ್ಮ ಪಟ್ಟಿಯ ವೈರನ್ನು ಎರಡನೇ ವಾರವೇ ಇಲಿ ಕಡಿಯಿತು. ಅದರ ಬದಲು ಒಂದು ಗೇಣು ಅಂತರದಲ್ಲಿ ಎರಡು ಹಣತೆ ಹಚ್ಚಿಟ್ಟೆವು. ಕೆಲಸ ಮಾಡಿತು! ಉರಿಯಿಂದಲೂ ಅದೇ ಬೆಳಕು ಬರುತ್ತದೆ. ಅವ್ವ ಬಂದು ನೋಡಿ, "ಟಿವಿಗೆ ಯಾಕ್ರೋ ದೀಪ ಹಚ್ಚಿದೀರ" ಅಂತ ಒಳಗೆ ಹೋಗಿ ಕುಂಕುಮ ತಂದರು.

ಮೊದಲ ದಿನ ಆಡಿದ್ದು ಅದರ ಜೊತೆಗೇ ಬಂದಿದ್ದ ಬೌಲಿಂಗು. ಮರದ ಹಾಸಿನ ಮೇಲೆ ಚೆಂಡು ಉರುಳಿಸಿ ಹತ್ತು ಗೂಟ ಬೀಳಿಸುವುದು. ಅಪ್ಪಾಜಿಯ ಎಡಗೈಗೆ ರಿಮೋಟು ಕೊಟ್ಟು, ಜಾರದಂತೆ ಪಟ್ಟಿಯನ್ನು ಮಣಿಕಟ್ಟಿಗೆ ಬಿಗಿದೆವು. (ಈ ಪಟ್ಟಿಗೂ ಒಂದು ಕಥೆ ಇದೆ. ಮೆಷಿನ್ನು ಬಂದ ಹೊಸದರಲ್ಲಿ ಜನ ಜೋಶಿಗೆ ಬೀಸಿ, ಪಟ್ಟಿ ಕಿತ್ತು, ರಿಮೋಟು ಹೋಗಿ ಟಿವಿಗೇ ಬಡಿಯುತ್ತಿತ್ತು. 2006ರ ಡಿಸೆಂಬರಿನಲ್ಲಿ ಕಂಪನಿ ಸುಮಾರು 32 ಲಕ್ಷ ಪಟ್ಟಿಗಳನ್ನು ಬದಲಾಯಿಸಿ ಕೊಡುವುದಾಗಿ ಹೇಳಬೇಕಾಯಿತು.) ಅಪ್ಪಾಜಿ ಬಲಗೈಯಿಂದ ಎಡಗೈಯನ್ನು ಎತ್ತಿ, ಬಿಟ್ಟು, ನಾಲ್ಕು ಸಲ ಉರುಳಿಸಿದರು. ಗೂಟ ಬಿದ್ದವು. ಮತ್ತೆ ಎದ್ದು ನಿಂತವು. ಐದನೇ ಸಲಕ್ಕೆ ಕೇಳಿದರು: "ಎಷ್ಟು ಬೀಳಿಸಿದ್ರೂ ಯಾವನೋ ಬಂದು ನಿಲ್ಲಿಸ್ತಾನೆ. ಮತ್ತೆ ಯಾಕೆ ಬೀಳಿಸ್ಬೇಕು?"

ಉತ್ತರ ನಮ್ಮ ಹತ್ತಿರ ಇರಲಿಲ್ಲ. ಅವ್ವ ಮಾತ್ರ ಟೆನಿಸ್ಸಿನಲ್ಲಿ ನಮ್ಮ ಮೂವರನ್ನು ಸೋಲಿಸಿ, ಸೆರಗು ಸಿಕ್ಕಿಸಿಕೊಂಡು, ಒಲೆ ಮೇಲೆ ಸಾರು ಸೀದಿದ್ದನ್ನೂ ಮರೆತಿದ್ದರು.

ಆ ರಾತ್ರಿ ಹಜಾರದಲ್ಲಿ ಮಲಗಿಕೊಂಡು ನಾವು ಮಾತಾಡಿದ್ದು ಅದೇ. ಅಪ್ಪಾಜಿಗೆ ಬೇಸರವಾಗಿದ್ದು ಆಟದ ಮೇಲಲ್ಲ. ಆ ಆಟದಲ್ಲಿ ಅವರಿಗೆ ಗೊತ್ತಿರುವುದು ಏನೂ ಇರಲಿಲ್ಲ. ಟೆನಿಸ್, ಬೇಸ್‌ಬಾಲ್, ಬೌಲಿಂಗ್, ಗಾಲ್ಫ್, ಬಾಕ್ಸಿಂಗ್, ಇವು ಯಾರೋ ಬೇರೆಯವರ ಮೈಗೆ ನೆನಪಿರುವ ಚಲನೆಗಳು. ನಮ್ಮ ಕಡೆಯವರ ಮೈಗೆ ಏನು ನೆನಪಿದೆ? ಬೆಳಗಾಗುವ ಹೊತ್ತಿಗೆ ನೋಟ್‌ಬುಕ್ಕಿನಲ್ಲಿ ಎರಡು ಪುಟ ತುಂಬಿತ್ತು.

ಹೊಳಲ್ಕೆರೆಯವನದು ದೋಟಿ. ಅವರದು ಅಡಿಕೆ ತೋಟ. ಈಗ ಮರ ಹತ್ತುವವರು ಸಿಗುವುದಿಲ್ಲ, ಕಾರ್ಬನ್ ಫೈಬರ್ ದೋಟಿ ತಂದು ನೆಲದ ಮೇಲೆ ನಿಂತೇ ಗೊನೆ ಇಳಿಸುತ್ತಾರೆ. ಹಿಡಿದವರಿಗೆ ಗೊತ್ತು ಅದರ ಕಷ್ಟ. ಕೆಳಗೆ ಕೈ ಒಂದು ಅಂಗುಲ ಅಲುಗಿದರೆ ಮೇಲೆ ತುದಿ ಒಂದು ಅಡಿ ಆಚೆ ಹೋಗುತ್ತದೆ, ಗಾಳಿ ಬಂದರೆ ಕಥೆಯೇ ಬೇರೆ. ಇದಕ್ಕೆ ಬೀಸಾಟ ಬೇಡ, ನಿಧಾನ ಬೇಕು. ಪರದೆಯ ಮೇಲೆ ಮರ, ಮೇಲೆ ಗೊನೆ, ಹಣ್ಣಾದದ್ದಕ್ಕೆ ಮಾತ್ರ ಕುಡುಗೋಲು ಸಿಕ್ಕಿಸಬೇಕು. ಹಸಿದು ಎಳೆದರೆ ನಂಬರು ಕಟ್.

ಹಿರಿಯೂರಿನವಳದು ನೀರು ಕಟ್ಟುವುದು. ಅವಳ ಊರು ವಾಣಿವಿಲಾಸ ಸಾಗರದ ಕೆಳಗೆ. ನಮ್ಮ ಕಡೆ ಮಾರಿಕಣಿವೆ ಅಂತಲೇ ಹೇಳುವುದು. 1907ರಲ್ಲಿ ಮುಗಿದ ಆ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲಿ. ನೋಡಲು ಹೋದ ಜನದಲ್ಲಿ ನಾವೂ ಇದ್ದೆವು, ಚಪ್ಪಲಿ ಕಳೆದುಕೊಂಡು ಬಂದೆವು. ಆದರೆ ಅವಳ ಆಟ ಬೋರ್‌ವೆಲ್ಲಿನದು, ಹೆಸರು 'ತ್ರೀ ಫೇಸ್'. ನಡುರಾತ್ರಿ ಕರೆಂಟು ಬರುತ್ತದೆ, ಮೋಟಾರು ಎತ್ತುತ್ತದೆ. ಸಲಿಕೆಯಿಂದ ಒಂದು ಸಾಲಿನ ಬಾಯಿ ಮುಚ್ಚಿ ಇನ್ನೊಂದರ ಬಾಯಿ ಬಿಡಿಸುತ್ತಾ ಕರೆಂಟು ಹೋಗುವುದರೊಳಗೆ ತೋಟ ನೆನೆಸಬೇಕು. ಯಾವಾಗ ಹೋಗುತ್ತದೆ ಅಂತ ಮೊದಲೇ ಹೇಳುವುದಿಲ್ಲ. ಇದನ್ನು ಕೇಳಿ ಅಪ್ಪಾಜಿ ಮೊದಲ ಸಲ ಜೋರಾಗಿ ನಕ್ಕರು. "ಇದು ಆಟ ಅಲ್ಲ ಕಣವ್ವ, ಇದು ನನ್ನ ಜೀವನ" ಅಂದರು.

ದುರ್ಗದವಳದು ಒನಕೆ. ಕೋಟೆ ಊರಿನವಳು, ಎಲ್ಲರೂ ಓಬವ್ವನ ಆಟವನ್ನೇ ಹೇಳುತ್ತಾಳೆ ಅಂದುಕೊಂಡೆವು. ಕಿಂಡಿಯಿಂದ ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ತಲೆ ಹಾಕುವುದು, ಒನಕೆ ಎತ್ತಿ ಇಳಿಸುವುದು. ಈ ಮೆಷಿನ್ನಿಗೆ ಹೇಳಿ ಮಾಡಿಸಿದ ಹಾಗಿದೆ ಅಂತ ಹೊಳಲ್ಕೆರೆಯವನು ಕುಣಿದ. ಅವಳು ಒಪ್ಪಲಿಲ್ಲ. "ಗಂಡ ಊಟಕ್ಕೆ ಕೂತಿದ್ದಾಗ ನೀರಿಗೆ ಅಂತ ಹೋದ ಹೆಂಗಸು ಅವಳು. ಅಷ್ಟು ಜನರನ್ನು ಹೊಡೆದ ಮೇಲೆ ಅವಳ ಕೈ ಹೇಗೆ ನಡುಗಿರಬೇಕು ಅಂತ ಆಟ ತೋರಿಸುತ್ತಾ? ನಂಬರು ತೋರಿಸುತ್ತೆ ಅಷ್ಟೇ" ಅಂದಳು. ಅವಳ ಒನಕೆ ಕುಟ್ಟುವ ಒನಕೆ. ಒಂದೇ ಒರಳು, ಎದುರುಬದುರು ಇಬ್ಬರು, ಒಬ್ಬರದು ಏಳುವಾಗ ಇನ್ನೊಬ್ಬರದು ಇಳಿಯಬೇಕು. ಲಯ ತಪ್ಪಿದರೆ ಎರಡೂ ತಾಗಿ ಕೈ ಜುಮ್ಮೆನ್ನುತ್ತದೆ. ವೀ ರಿಮೋಟಿನಲ್ಲಿ ಸಣ್ಣ ಸ್ಪೀಕರೂ ಇದೆ, ನಡುಗುವ ಮೋಟಾರೂ ಇದೆ. ಸದ್ದು, ಜುಮ್ಮು ಎರಡನ್ನೂ ಕೈಗೇ ಕೊಡಬಹುದು. ನಮ್ಮ ಪಟ್ಟಿಯಲ್ಲಿ ಎಲ್ಲಕ್ಕಿಂತ ಒಳ್ಳೆಯ ಐಡಿಯಾ ಇದೇ ಅಂತ ನಾವು ಈಗಲೂ ಹೇಳುತ್ತೇವೆ. ಇಬ್ಬರು ಒಬ್ಬರನ್ನೊಬ್ಬರು ಸೋಲಿಸಲು ಆಡುವ ಆಟ ಬೇಕಾದಷ್ಟಿವೆ, ತಪ್ಪದಂತೆ ಜೊತೆಯಾಗಿ ನಡೆಸುವ ಆಟ ಎಷ್ಟಿವೆ?

ಅಪ್ಪಾಜಿಯ ಐಡಿಯಾ ಕವಣೆ. ಅಟ್ಟಣೆ ಮೇಲೆ ನಿಂತು ಜೋಳಕ್ಕೆ ಕೂತ ಹಕ್ಕಿ ಓಡಿಸುವುದು. ಬಲಗೈಯಲ್ಲೇ ಬೀಸಿ ತೋರಿಸಿದರು, ಎಡಗೈ ತೊಡೆಯ ಮೇಲೇ ಇತ್ತು. ನಾವು ಬರೆದುಕೊಂಡೆವು.

ಮನೆಕೆಲಸದಲ್ಲಿ ಆಟ ಹುಡುಕುವುದು ಹುಚ್ಚು ಅನಿಸಬಹುದು. ಆದರೆ ಈ ಕಂಪನಿಯ ದೊಡ್ಡ ಆಟಗಾರಿಕೆಯವರು ಶಿಗೆರು ಮಿಯಾಮೊಟೊ ಮಾಡಿದ್ದೂ ಅದೇ. ಕ್ಯೋಟೊ ಹತ್ತಿರದ ಹಳ್ಳಿಯಲ್ಲಿ ಚಿಕ್ಕವರಿದ್ದಾಗ ಗುಡ್ಡ, ಗವಿ ಸುತ್ತಿದ್ದು 'ಜೆಲ್ಡಾ' ಆಯಿತು. ಮನೆ ಮುಂದೆ ಗಿಡ ನೆಡುವ ಹವ್ಯಾಸ 'ಪಿಕ್‌ಮಿನ್' ಆಯಿತು. ದಿನಾ ತೂಕ ನೋಡಿಕೊಂಡು ಬರೆದಿಡುವ ಅಭ್ಯಾಸದಿಂದ 'ವೀ ಫಿಟ್' ಹುಟ್ಟಿತು. ನಮ್ಮ ದೇಶದಲ್ಲೂ ಪ್ರಯತ್ನ ಆಗಿಲ್ಲವೆಂದಲ್ಲ. 2009ರಲ್ಲಿ ಪ್ಲೇಸ್ಟೇಷನ್ 2ಕ್ಕೆ 'ದೇಸಿ ಅಡ್ಡಾ' ಅಂತ ಬಂತು, ಕಬಡ್ಡಿ, ಚಿನ್ನಿದಾಂಡು ಇದ್ದವು, ಆದರೆ ಗುಂಡಿ ಒತ್ತಿ ಆಡುವುದು. ಗುಂಡಿ ಒತ್ತಿ ಚಿನ್ನಿ ಹಾರಿಸಿದರೆ ಏನು ಸುಖ? 2012ರಲ್ಲಿ ಕೈ ಬೀಸಿ ಆಡುವ ಗಲ್ಲಿ ಕ್ರಿಕೆಟ್ಟೂ ಬಂತು. ಕೈಯಲ್ಲಿ ಏನೂ ಹಿಡಿಯದೆ ಕ್ಯಾಮೆರಾ ಮುಂದೆ ನಿಂತು ಆಡುವ ಕಿನೆಕ್ಟ್ 2010ರಲ್ಲಿ ಬಂದು 2017ರಲ್ಲಿ ನಿಂತಿತು. ಅದಕ್ಕೆ ಟಿವಿಯಿಂದ ಐದಾರು ಅಡಿ ಹಿಂದೆ ನಿಲ್ಲಬೇಕು. ರಾಗಿ ಚೀಲ, ಮೇವು, ಮಂಚ ಇರುವ ನಮ್ಮ ಹಜಾರಗಳಲ್ಲಿ ಅಷ್ಟು ಜಾಗ ಎಲ್ಲಿದೆ?

ನಮ್ಮ ಐಡಿಯಾಗಳನ್ನು ಚೆನ್ನಾಗಿ ಟೈಪ್ ಮಾಡಿ ಗೇಮ್ ಮಾಡುವ ಒಂದು ಕಡೆಗೆ ಕಳಿಸಿದೆವು. 'ಇದನ್ನು ಆಡುವವರು ಯಾರು' ಅಂತ ಒಂದು ಸಾಲಿನ ಉತ್ತರ ಬಂತು. ಆಡುವವರು ಒಳಗೆ ಗೋಡೆಗೆ ಒರಗಿ ಕೂತಿದ್ದರು, ವಿಳಾಸ ಕೊಡಬಹುದಿತ್ತು.

ಈ ನಡುವೆ ಒಂದು ದಿನ ಅವ್ವ ಜಗಲಿಯಲ್ಲಿ ರಾಗಿ ಕೇರುತ್ತಿದ್ದರು. ಹೊಳಲ್ಕೆರೆಯವನು ನೋಡುತ್ತಾ ನಿಂತವನು ಇದ್ದಕ್ಕಿದ್ದಂತೆ, "ಎರಡೂ ಕೈ" ಅಂದ. ಫಿಸಿಯೋಥೆರಪಿಯವರು ಹೇಳಿದ್ದು ಅದೇ ಅಲ್ಲವೇ, ಬಲಗೈ ಎಡಗೈಯನ್ನು ಜೊತೆಗೆ ಕರೆದುಕೊಂಡು ಹೋಗಬೇಕು ಅಂತ. ಮೊರವನ್ನು ಒಂದೇ ಕೈಯಲ್ಲಿ ಕೇರಲು ಬರುವುದಿಲ್ಲ. ಒಂದು ಕಡೆ ವಾಲಿದರೆ ಕಾಳು ಆ ಕಡೆಗೇ ಸುರಿಯುತ್ತದೆ.

ಅವನಿಗೆ ಅಷ್ಟೋ ಇಷ್ಟೋ ಕೋಡಿಂಗ್ ಬರುತ್ತದೆ. ವೀ ಮೆಷಿನ್ನಿಗೆ ಹೊಸ ಆಟ ಬರೆಯುವುದು ನಮ್ಮ ಕೈಲಾಗುವ ಕೆಲಸವಲ್ಲ, ಆದರೆ ಫೋನಿನೊಳಗೂ ಅದೇ ಅಳತೆ ಇದೆಯಲ್ಲ. ಹಳೆಯ ಫೋನೊಂದನ್ನು ಪಂಚೆ ಚೂರಿನಲ್ಲಿ ಸುತ್ತಿ ಖಾಲಿ ಮೊರದ ಅಡಿಗೆ ಕಟ್ಟಿದೆವು. ಫೋನು ಹೇಳಿದ್ದನ್ನು ಲ್ಯಾಪ್‌ಟಾಪು ತೋರಿಸಬೇಕು. ಮೊದಲು ಅವ್ವನ ಕೈಗೆ ಕೊಟ್ಟೆವು, ಹೇಗೆ ಕೇರುತ್ತಾರೆ ಅಂತ ಮೆಷಿನ್ನು ಕಲಿಯಬೇಕಿತ್ತು. ಗೆರೆ ಮೂಡಿತು: ಎರಡು ಸಣ್ಣ ಅಲೆ, ಒಂದು ದೊಡ್ಡದು, ಒಂಚೂರು ತಡೆದು ಮತ್ತೆ ಎರಡು ಸಣ್ಣದು. ಎಷ್ಟು ಹೊತ್ತು ಕೇರಿದರೂ ಅದೇ. ನಾವು ಕೇರಿದಾಗ ಗೆರೆ ಕೋಳಿ ಕೆದರಿದಂತಿತ್ತು. ಐವತ್ತು ವರ್ಷದಿಂದ ಮಾಡುತ್ತಿರುವ ಕೆಲಸದಲ್ಲಿ ಒಂದು ತಾಳ ಇದೆ ಅಂತ ಅವ್ವನಿಗೂ ಗೊತ್ತಿರಲಿಲ್ಲ. "ನಾನಾ ಇದು?" ಅಂತ ಲ್ಯಾಪ್‌ಟಾಪಿನ ಮೇಲೆ ಬೆರಳಿಟ್ಟು ನೋಡಿದರು.

ಎರಡು ವಾರದಲ್ಲಿ ಆಟ ತಯಾರಾಯಿತು. ನೋಡಲು ಏನೂ ಚೆಂದವಿಲ್ಲ. ಕಂದು ಚುಕ್ಕಿ ರಾಗಿ, ಹಳದಿ ಚುಕ್ಕಿ ಹೊಟ್ಟು. ಮೊರ ವಾಲಿದ ಕಡೆಗೆ ಕಾಳು ಜಾರುತ್ತದೆ. ಚುರುಕಾಗಿ ಚಿಮ್ಮಿಸಿದರೆ ಹೊಟ್ಟು ಹಾರುತ್ತದೆ, ಅತಿಯಾದರೆ ಕಾಳೂ ಚೆಲ್ಲುತ್ತದೆ. ಚೆಲ್ಲಿದರೆ ಕೋಳಿ ಬಂದು ತಿನ್ನುತ್ತದೆ. ಕೋಳಿ ಮೊಮ್ಮಗನ ಸಲಹೆ. ಅಂಕಗಳಿಲ್ಲ, ಪಾವು, ಅಚ್ಚೇರು, ಸೇರು ಅಂತ ಲೆಕ್ಕ.

ಅಪ್ಪಾಜಿ ಮುಟ್ಟಲಿಲ್ಲ. ಕಣದಲ್ಲಿ ಗಾಳಿಗೆ ರಾಶಿ ತೂರುವುದು ಗಂಡಸರ ಕೆಲಸ, ಮೊರ ಹಿಡಿದು ಕೇರುವುದು ಹೆಂಗಸರದು. ಅರವತ್ತು ವರ್ಷದಲ್ಲಿ ಅವರು ಮೊರವನ್ನು ಎತ್ತಿಟ್ಟಿದ್ದೂ ಇಲ್ಲ. "ಕೈ ಹೋದ್ರೆ ಹೋಗ್ಲಿ, ಮರ್ಯಾದೆ ಹೋಗೋದು ಬ್ಯಾಡ" ಅಂದರು. ಮಗ ಸಿಟ್ಟಾಗಿ ಎದ್ದು ಹೋದ. ನಾವು ಆ ದಿನ ಊಟ ಮುಗಿಸಿ ಮಾತಿಲ್ಲದೆ ಮಲಗಿದೆವು. ಅವಮಾನ ಕಳೆಯಲಿ ಅಂತ ಆಟ ಮಾಡಿದವರು ಇನ್ನೊಂದು ಅವಮಾನವನ್ನು ಅವರ ಮುಂದೆ ತಂದಿಟ್ಟಿದ್ದೆವು, ಅದು ನಮ್ಮ ತಲೆಗೆ ಹೊಳೆದೇ ಇರಲಿಲ್ಲ.

ದಾರಿ ತೋರಿಸಿದ್ದು ಅವ್ವ. ಮಾರನೇ ದಿನ ಆಟವನ್ನು ತಾವೇ ಆಡಿದರು, ಮೂರು ಸೇರು ಮಾಡಿದರು. ಆಮೇಲೆ ಕಂಬದ ಕಡೆಗೆ ತಿರುಗಿ, ಯಾರಿಗೂ ಅಲ್ಲ ಅನ್ನುವ ಹಾಗೆ, "ಗಂಡಸರಿಗೆ ಇದು ಒಂದು ಪಾವೂ ಆಗಲ್ಲ ಬಿಡಿ" ಅಂದರು. ಸಾಯಂಕಾಲ ನಾವು ಪೇಟೆಯಿಂದ ಬಂದಾಗ ಅಪ್ಪಾಜಿ ಬಾಗಿಲು ಮುಂದಕ್ಕೆ ಮಾಡಿಕೊಂಡು ಮೊರ ಹಿಡಿದು ಕೂತಿದ್ದರು. ಮೊಮ್ಮಗ ಲ್ಯಾಪ್‌ಟಾಪ್ ನೋಡಿ ಕೂಗುತ್ತಿದ್ದ: "ತಾತ, ಎಡಗಡೆ! ಎಡಗಡೆ ಎತ್ತು! ಕೋಳಿ ಬಂತು!"

ಮೊದಲ ದಿನ ಒಂದು ಪಾವೂ ಆಗಲಿಲ್ಲ. ಎಡಗೈ ಬೆರಳು ಮೊರದ ಅಂಚನ್ನು ಹಿಡಿಯುತ್ತಿರಲಿಲ್ಲ, ಬಟ್ಟೆಯಿಂದ ಕಟ್ಟಬೇಕಾಗಿತ್ತು. ಹತ್ತನೇ ದಿನಕ್ಕೆ ಬಟ್ಟೆ ಬೇಡವೆಂದರು. ಒಂದು ಸಲ ಕಟ್ಟು ಸಡಿಲವಾಗಿ ಫೋನು ಜಗಲಿಯಿಂದ ಕೆಳಗೆ ಬಿದ್ದು ಗ್ಲಾಸು ಒಡೆಯಿತು. ಚಿಪ್ಪು ಮಾತ್ರ ಸರಿಯಿತ್ತು. ವ್ಯಾಯಾಮ ಬಿಡಬಾರದು ಅಂತ ತಿಂಗಳಿಗೊಮ್ಮೆ ಆಸ್ಪತ್ರೆಗೆ ತೋರಿಸುವುದೂ ಮತ್ತೆ ಶುರುವಾಯಿತು. ಎಡಗಡೆ ಎಷ್ಟು ವಾಲುತ್ತದೆ ಅನ್ನುವ ಗೆರೆಯನ್ನು ಅಲ್ಲಿನವರಿಗೆ ತೋರಿಸಿದರೆ, ಆಶ್ಚರ್ಯದಿಂದ ಫೋಟೋ ಹೊಡೆದುಕೊಂಡರು.

ಮೆಷಿನ್ನೇ ಕೈ ವಾಸಿ ಮಾಡಿತು ಅಂತ ಬರೆಯಲು ನಮಗೂ ಆಸೆಯಿತ್ತು. ಬರೆಯುವ ಮುಂಚೆ ಹುಡುಕಿದೆವು. ಲಕ್ವ ಹೊಡೆದವರಿಗೆ ಇದೇ ವೀ ಆಟ ಆಡಿಸಿದ ಒಂದು ದೊಡ್ಡ ಪರೀಕ್ಷೆ 2016ರಲ್ಲಿ 'ಲ್ಯಾನ್ಸೆಟ್ ನ್ಯೂರಾಲಜಿ' ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿದೆ. ಕೆನಡಾ, ಅರ್ಜೆಂಟೀನಾ, ಪೆರು, ಥಾಯ್ಲೆಂಡ್, ನಾಲ್ಕು ದೇಶದ 141 ಜನ. ಅರ್ಧ ಜನಕ್ಕೆ ವೀ, ಇನ್ನರ್ಧಕ್ಕೆ ಇಸ್ಪೀಟು, ಚೆಂಡಾಟದಂಥ ಸಾದಾ ಆಟಗಳು. ಎರಡೂ ಗುಂಪಿನವರ ಕೈ ಸುಧಾರಿಸಿತು, ಎರಡರ ನಡುವೆ ಹೇಳುವಂಥ ವ್ಯತ್ಯಾಸ ಇರಲಿಲ್ಲ. ಅಂದರೆ ಮೂರು ಸಾವಿರದ ಡಬ್ಬಿ ಮಾಡಿದ್ದನ್ನು ಇಸ್ಪೀಟೆಲೆಯೂ ಮಾಡುತ್ತದೆ. ತಮಾಷೆ ಏನೆಂದರೆ ನಿಂಟೆಂಡೊ ಕಂಪನಿ 1889ರಲ್ಲಿ ಶುರುವಾಗಿದ್ದೇ ಆಡುವ ಎಲೆ ಮಾಡಲು. ಇದನ್ನು ಓದಿ ಹೇಳಿದಾಗ ಅಪ್ಪಾಜಿ ಅವ್ವನ ಮುಖ ನೋಡಿದರು. "ಕೇಳಿಸ್ಕಂಡ್ಯಾ? ನಲವತ್ತು ವರ್ಷದಿಂದ ಕಟ್ಟೆ ಮೇಲೆ ಇಸ್ಪೀಟು ಆಡ್ಬ್ಯಾಡ ಅಂತ ಬೈತಿದ್ದೆ. ಡಾಕ್ಟ್ರು ಬರ್ದವ್ರೆ ನೋಡು" ಅಂದರು. ಈಗ ಎಡಗೈಯಲ್ಲಿ ಎಲೆ ಹಿಡಿದು ಕಟ್ಟೆ ಮೇಲೂ ಕೂರುತ್ತಾರೆ. ನಡುನಡುವೆ ಎಲೆ ಜಾರಿ ಎಲ್ಲರಿಗೂ ಕಾಣುತ್ತದೆ, ಜೊತೆಯವರು ನೋಡಿಯೂ ನೋಡದಂತಿರುತ್ತಾರೆ ಅನ್ನುವುದು ಅವರ ನಂಬಿಕೆ.

ಅಂಗಿ ಗುಂಡಿ ಹಾಕಲು ಇನ್ನೂ ಆಗುವುದಿಲ್ಲ. ಲೋಟ ಹಿಡಿಯುತ್ತಾರೆ, ಅರ್ಧ ತುಂಬಿದ್ದನ್ನು.

ಬಿಳಿ ಡಬ್ಬಿ ಅಟ್ಟದ ಮೇಲಿದೆ. ಹೊಳಲ್ಕೆರೆಯವನು ಒನಕೆ ಆಟಕ್ಕೆ ಎರಡು ಫೋನು ಜೋಡಿಸುವುದು ಹೇಗೆ ಅಂತ ಒದ್ದಾಡುತ್ತಿದ್ದಾನೆ, ಬಲ್ಲವರು ಯಾರಾದರೂ ಇದ್ದರೆ ತಿಳಿಸಿ. ಮೊರದ ಆಟದ ಲ್ಯಾಪ್‌ಟಾಪನ್ನು ಅವನು ವಾಪಸ್ ತಗೊಂಡು ಹೋಗಿ ತಿಂಗಳಾಯಿತು.

ಹೋದ ಭಾನುವಾರ ನಾವು ಹೋದಾಗ ಅಪ್ಪಾಜಿ ಜಗಲಿಯಲ್ಲಿ, ಬಾಗಿಲು ತೆರೆದೇ, ನಿಜವಾದ ರಾಗಿ ಹಾಕಿಕೊಂಡು ಕೇರುತ್ತಿದ್ದರು. ಮುಕ್ಕಾಲು ಪಾಲು ನೆಲದ ಮೇಲಿತ್ತು, ನಿಜವಾದ ಕೋಳಿಗಳೇ ಬಂದಿದ್ದವು. ದಾರಿಯಲ್ಲಿ ಹೋಗುತ್ತಿದ್ದ ಪಕ್ಕದ ಮನೆಯವನು ನಿಂತು, "ಏನಣ್ಣಾ, ಮೊರ ಹಿಡಿದ್ಬಿಟ್ಟೆ?" ಅಂದ.

"ಗೇಮ್ ಆಡ್ತಿದೀನಿ ಕಣೋ" ಅಂದರು ಅಪ್ಪಾಜಿ.

ಒಳಗಿನಿಂದ ಅವ್ವ ಕೂಗಿದರು: "ಆಡ್ಲಿ ಆಡ್ಲಿ, ಇನ್ನೂ ಎರಡು ಚೀಲ ಐತೆ."